ಆ ತುದಿಯ ದನಿ

೧೯೯೬ರಲ್ಲಿ ಎಂಟನೇ ತರಗತಿಗೆ ಶಾಲೆ ಬಿಟ್ಟೆ. ಕೆಲಸ ಕೈಯಿಂದಲೇ ಕಲಿತೆ. ಟಾಕಿ ತುಂಬಿದ್ದು ಪಂಪಿಗೆ ತಿಳೀಲಿ ಅಂತ ನಾರಾಯಣಖೇಡದ ನೀರಿನ ಪಂಪಿಗೂ ಗುಡ್ಡದ ಟಾಕಿಗೂ ರೇಡಿಯೊ ಕೂಡಿಸುವಾಗ ಕೆಳಗೆ ನಾನು, ಮೇಲೆ ನನ್ನ ಜೋಡಿದಾರ. ಎರಡೂ ರೇಡಿಯೊದಾಗ ತಂತಿ ಸಿಗಿಸೋ ಸೀರಿಯಲ್ ಪೋರ್ಟಿನ ವೇಗ ಒಂದೇ ಇರಬೇಕು, ಇಲ್ಲಂದ್ರ ಒಂದಕ್ಕೊಂದು ಮಾತಾಡಂಗಿಲ್ಲ. ಫೋನಿನಲ್ಲಿ ಒಂಬತ್ತು ಸಾವಿರದ ಆರುನೂರು ಅನ್ನೋ ಆ ವೇಗದ ಅಂಕಿ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ.

"ನೌ ಹಜಾರ್ ಛೇ ಸೌ ಇಟ್ಟೀ ಏನಲೇ?" ಅಂತ ಕೆಳಗಿಂದ ನಾನು.

"ಇಟ್ಟೀನಿ ಮಂಗ್ಯಾ, ನಿಂದು ಮೊದಲ ನೋಡ್ಕೋ!"

ಈಗ ಜಹೀರಾಬಾದಿನಲ್ಲಿ ಕೂತು ನೆಟ್‌ವರ್ಕಿನಿಂದ ಎರಡೂ ತುದಿ ನಾನೇ ಹೊಂದಿಸ್ತೀನಿ. ಅವನು ತಾಂಡೂರಿನಲ್ಲಿ ಹಾಸುಗಲ್ಲು ಮಾರೋ ಅಂಗಡಿ ಇಟ್ಟಾನ. ಕೆಲಸವಿಲ್ಲದೆ ಫೋನ್ ಹಚ್ಚಿದವರಲ್ಲ ನಾವು. ವೇಗದ ಅಂಕಿ ತುಂಬುವಾಗ ಇವತ್ತಿಗೂ "ನೌ ಹಜಾರ್ ಛೇ ಸೌ" ಅಂತ ಜೋರಾಗಿ ಅಂದು, ಬೈಗುಳಕ್ಕೆ ತುಸು ಕಾಯ್ತೀನಿ.

ಒಂದು ಮನಿ, ಒಂದು ಜೀಪು, ಎರಡು ಲ್ಯಾಪ್‌ಟಾಪು, ನಾನೊಬ್ಬನೇ ನಡೆಸುವ ಹನ್ನೊಂದು ಜೋಡಿ ರೇಡಿಯೊ: ಈಗ ನನ್ನ ಹತ್ತಿರ ಇಷ್ಟು ಅದಾವ.