ನುಂಗದೆ ಉಳಿದ ಗುಳಿಗೆಗಳು

ಬಿ.ಪಿ. ಗುಳಿಗೆಗಾಗಿ ಯಾರೂ ರಾಯಚೂರಿನ ಬಸ್ಸು ಹತ್ತುವಂತಾಗಬಾರದು, ಊರಲ್ಲೇ ಪುಕ್ಕಟೆ ಸಿಗಬೇಕು ಎಂಬ ಹೊಸ ವ್ಯವಸ್ಥೆ ಬಂದ ಕಾಲ ಅದು. ಇದರಿಂದ ಜನರ ಆರೋಗ್ಯ ನಿಜಕ್ಕೂ ಸುಧಾರಿಸಿದೆಯೇ ಎಂದು ಮನೆಮನೆಗೆ ಹೋಗಿ ನೋಡುವ ಕೆಲಸ ನನಗೆ ಸಿಕ್ಕಿತ್ತು. ಮಾನ್ವಿ ತಾಲ್ಲೂಕಿನ ಕಲ್ಲೂರಿನ ಕೂಲಿ ಮನೆಯಿಂದ ಬಂದು ಎಂ.ಎ. ಮುಗಿಸಿದ್ದ ನನಗೆ ಅದೇ ಮೊದಲ ನೌಕರಿ. ಜೊತೆಗೆ ರಾಯಚೂರಿನ ಹಿರಿಯ ವೈದ್ಯೆಯೊಬ್ಬರು. ದೇವದುರ್ಗದ ಬಸ್ಸಿನಲ್ಲಿ ಗಬ್ಬೂರು ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿ ತಲೆ ನನ್ನ ಹೆಗಲಿಗೆ ವಾಲುತ್ತಿತ್ತು. ನಾನು ಅಲುಗಾಡದೆ ಕೂತಿರುತ್ತಿದ್ದೆ.

ದೇವದುರ್ಗದಾಚೆಯ ಜಾಲಹಳ್ಳಿಯಲ್ಲಿ ಗುಳಿಗೆ ಎಲ್ಲರ ಮನೆಗೂ ಮುಟ್ಟಿತ್ತು. ಆದರೆ ರಟ್ಟೆಗೆ ಪಟ್ಟಿ ಸುತ್ತಿ ನೋಡಿದರೆ ಗಂಡಸರ ಬಿ.ಪಿ. ಇಳಿದಿತ್ತು, ಹೆಂಗಸರದು ಇಳಿದಿರಲಿಲ್ಲ. ಹತ್ತಿ ಬಿಡಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದ, ನನ್ನ ಅವ್ವನ ವಯಸ್ಸಿನ ಒಬ್ಬಾಕೆಯನ್ನು ವೈದ್ಯೆ ಕೇಳಿದರು.

“ದಿನಾ ನುಂಗ್ತೀರೇನ್ರೀ?”

“ಹೂಂ ರೀ.”

ವೈದ್ಯೆ ಪಕ್ಕದ ಮನೆಗೆ ಹೋದರು. ಆಕೆ ಕೊಟ್ಟ ನೀರು ಕುಡಿಯುತ್ತಾ ನಾನು, “ನಮ್ಮವ್ವನೂ ಹತ್ತಿ ಬಿಡಸಾಕ ಹೋಗ್ತಾಳ್ರೀ” ಎಂದೆ. ಆಕೆ ನನ್ನನ್ನೇ ನೋಡಿ ದನಿ ತಗ್ಗಿಸಿದಳು.

“ನಿನಗ ಸುಳ್ಳು ಯಾಕ ಹೇಳ್ಲಿ ಯವ್ವಾ. ಅದನ್ನ ನುಂಗಿದ್ರ ಗಳಿಗಿಗೊಮ್ಮೆ ಒಂದಕ್ಕ ಬರ್ತದ. ಬಯಲು ಹೊಲ, ಸುತ್ತ ಗಂಡಸರು. ಎಲ್ಲಿಗಿ ಹೋಗ್ಬೇಕು? ನಮ್ಮ ಗುಂಪಿನಾಗ ಯಾರೂ ನುಂಗಂಗಿಲ್ಲ.”

ಹೊಲಕ್ಕೆ ಹೋದ ಅವ್ವ ಸಂಜೆತನಕ ಯಾಕೆ ನೀರು ಕುಡಿಯುತ್ತಿರಲಿಲ್ಲ ಎಂಬುದು ನನಗೆ ಅಂದು ತಿಳಿಯಿತು. ಆಕೆಯ ಒಪ್ಪಿಗೆ ಪಡೆದು ವೈದ್ಯೆಗೆ ಹೇಳಿದೆ.

ವರದಿ ಕುರಿತ ರಾಯಚೂರಿನ ಸಭೆಯಲ್ಲಿ ಅಧಿಕಾರಿಯೊಬ್ಬರು, “ಗುಳಿಗಿ ಮುಟ್ಯಾವಲ್ರೀ, ಅಷ್ಟು ಬರ್ದ್ರ ಸಾಕು” ಎಂದರು.

“ಮುಟ್ಟಿದ್ದಲ್ರೀ, ಮೈಗಿ ಹತ್ತಿದ್ದು ನೋಡಾಕ ಹೋಗಿದ್ವಿ” ಎಂದರು ವೈದ್ಯೆ. ಮೂತ್ರ ಹೆಚ್ಚಿಸದ ಬೇರೆ ಗುಳಿಗೆ ಕೊಡಿಸುವವರೆಗೂ ಅವರು ಬಿಡಲಿಲ್ಲ.

ಕೆಲವು ತಿಂಗಳ ಮೇಲೆ ಮತ್ತೆ ಹೋದೆವು. ಎಲ್ಲರದೂ ಅಲ್ಲದಿದ್ದರೂ ಹೆಚ್ಚಿನವರ ಬಿ.ಪಿ. ಇಳಿದಿತ್ತು. “ತಲಿ ಹಗುರ ಆಗ್ಯದ ಯವ್ವಾ” ಎಂದಳು ಆಕೆ. ಅಂದು ಆಕೆಯ ಗುಂಪಿನ ಹೆಂಗಸರು ಹೊಲದ ಬದುವಿನಲ್ಲೇ ನಮ್ಮನ್ನು ಕೂರಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ವೈದ್ಯೆ ಸೀರೆ ಎತ್ತಿಕಟ್ಟಿ ಅವರ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಯಾರೋ ಏನೋ ಅಂದರು, ಎಲ್ಲರೂ ನಕ್ಕರು.

ಈಗ ವೈದ್ಯೆ ನಿವೃತ್ತರು. ನಾನು ಕಚೇರಿಯಲ್ಲೇ ಕೂತು ಊರೂರಿನ ಅಂಕಿ ನೋಡುತ್ತೇನೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಒಮ್ಮೊಮ್ಮೆ ಆ ನಗು ಕಿವಿಗೆ ಬೀಳುತ್ತದೆ.