ಗಬ್ಬೂರಿನಿಂದ ಕೆಲಗೇರಿಗೆ ಒಂದು ಪಂಖಾ

ಹೋದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹುಬ್ಬಳ್ಳಿ ಪಕ್ಕದ ಗಬ್ಬೂರಿನ ಮನೆಗೆ ಬೀಗ ಹಾಕಿ ಹೊರಟೆ. ಹೋಗಬೇಕಾದದ್ದು ಧಾರವಾಡದ ಕೆಲಗೇರಿ ಕೆರೆಗೆ. ಮೂವತ್ತು ಕಿಲೋಮೀಟರಿನ ಆಸುಪಾಸಿನ ದಾರಿಯನ್ನು ಪ್ರವಾಸವೆಂದು ಬರೆಯುತ್ತಿದ್ದಾನೆ ಎಂದು ನಗುವವರು ನಗಲಿ. ಹೆಂಡತಿ ತೀರಿಕೊಂಡ ಮೇಲೆ ನಾನು ಹುಬ್ಬಳ್ಳಿ ದಾಟಿದ್ದು ಅದೇ ಮೊದಲು.

ಕೈಯಲ್ಲಿದ್ದ ಗೋಣಿಚೀಲದಲ್ಲಿ ದೋಣಿ ಇಂಜಿನ್ನಿನ ಪಂಖಾ ಇತ್ತು. ಹೆಂಡತಿಯ ತಮ್ಮ ಬಸು ಕೆರೆಯ ಕಳೆಬಳ್ಳಿಯನ್ನು ದೋಣಿಯಿಂದ ಎಳೆದು ದಂಡೆಗೆ ಹಾಕುವ ಕೆಲಸ ಹಿಡಿದಿದ್ದಾನೆ. ಅದಕ್ಕೆಂದು ದೋಣಿಯ ಹಿಂದೆ ಕೂರಿಸುವ ಹತ್ತು ಹಾರ್ಸ್‌ಪವರಿನ ಇಂಜಿನ್ ಕೊಂಡು, ನನ್ನ ಸಲಹೆ ಕೇಳಿದ. ನಾನು ಮೂವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವನು. ಟ್ರ್ಯಾಕ್ಟರಿಗೆ ದೊಡ್ಡ ಗಾಲಿ ಇದ್ದಂತೆ ಇದಕ್ಕೂ ಹೆಚ್ಚು ಓರೆಯ ಎಲೆಗಳಿರುವ ಪಂಖಾ ಹಾಕು, ಚೆನ್ನಾಗಿ ಜಗ್ಗುತ್ತದೆ ಎಂದುಬಿಟ್ಟೆ. ಹಾಕಿದ. ದೋಣಿಗೆ ಬಳ್ಳಿ ಕಟ್ಟಿದ ಕೂಡಲೇ ಇಂಜಿನ್ ನರಳತೊಡಗಿತು, ದೋಣಿ ಕದಲಲಿಲ್ಲ. ಹಾಗಾಗಿ ಎರಡು ತಿಂಗಳಿಂದ ದಿನಾ ಸಂಜೆ ಆರಕ್ಕೆ ಬಸುವಿನ ಫೋನ್. ನನಗೆ ಬರುವ ಫೋನ್ ಅದೊಂದೇ. ಇಂಜಿನ್ ಸರಿಯಾದರೆ ಅದೂ ನಿಲ್ಲುತ್ತದಲ್ಲ ಎಂಬ ಹೆದರಿಕೆಯೊಂದಿಗೇ ಬಸ್ ಹತ್ತಿದೆ.

ಹುಬ್ಬಳ್ಳಿಯಲ್ಲಿ ಧಾರವಾಡಕ್ಕೆ ಓಡುವ ‘ಚಿಗರಿ’ ಬಸ್ಸಿಗೆ ಬದಲಾಯಿಸಿದೆ. ಒಳಗೆ ಎಸಿಯ ತಂಪು, ಹೊರಗೆ ಹದವಾದ ಬಿಸಿಲು. ಪಕ್ಕದಲ್ಲಿ ಕುಳಿತ ಅಜ್ಜಿಯ ಕಣ್ಣು ನನ್ನ ಚೀಲದ ಮೇಲಿತ್ತು.

"ಏನೈತ್ರಿ ಅದರಾಗ?"

"ದೋಣಿ ಪಂಖಾರಿ."

"ಹುಬ್ಬಳ್ಳ್ಯಾಗ ದೋಣಿ ಎಲ್ಲಿ ನಡಸ್ತೀರಿ?" ಎಂದು ನಕ್ಕಳು. ನಾನೂ ನಕ್ಕೆ. "ಮನ್ಯಾಗ ಯಾರ‍್ಯಾರು ಅದೀರಿ?" ಎಂದು ಕೇಳಿದಳು. ಒಬ್ಬನೇ ಎಂದೆ. ಆಕೆ ಎರಡು ಪೇರಲಹಣ್ಣು ನನ್ನ ಕೈಗಿಟ್ಟು ನವನಗರದಲ್ಲಿ ಇಳಿದು ಹೋದಳು. ಅಲ್ಲಿಂದ ಧಾರವಾಡದವರೆಗೆ ಪಕ್ಕದ ಸೀಟು ಖಾಲಿಯೇ ಇತ್ತು.

ಧಾರವಾಡದಲ್ಲಿ ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಆಟೋ ಹಿಡಿದು ಕೆರೆ ಮುಟ್ಟಿದಾಗ ಹನ್ನೊಂದಾಗಿತ್ತು. ಬಸು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ನಗುವಾಗ ಥೇಟ್ ಅವನ ಅಕ್ಕನ ಮುಖ. ಅದನ್ನು ನೋಡಲಾಗದೆ ನಾನು ಇಂಜಿನ್ ಕಡೆ ತಿರುಗಿದೆ.

"ತಪ್ಪು ನಂದ, ಬಸು," ಎಂದೆ. "ಟಾರ್ಕ್ ಅಂದ್ರ ಪಂಖಾದ ದಂಡಾ ತಿರುವೂ ಜೋರು. ಆ ಜೋರಿನ್ಯಾಗ ನಿಮಿಷಕ್ಕ ಎಷ್ಟ ಸುತ್ತ ತಿರಗತೈತಿ, ಅದೂ ಕೂಡಿದ್ರ ಹಾರ್ಸ್‌ಪವರ್."

ಟ್ರ್ಯಾಕ್ಟರಿನಲ್ಲಿ ಏರು ಬಂದರೆ ಗೇರ್ ಇಳಿಸಬಹುದು. ಈ ಇಂಜಿನ್ನಿಗೆ ಮುಂದೆ ಹೋಗಲು ಇರುವುದು ಒಂದೇ ಗೇರು; ಭಾರಕ್ಕೆ ತಕ್ಕಂತೆ ಬದಲಾಯಿಸುವುದಿದ್ದರೆ ಪಂಖಾ ಬದಲಾಯಿಸಬೇಕು. ಎಲೆಗಳ ಓರೆ ಹೆಚ್ಚಾದಷ್ಟೂ ಒಂದೊಂದು ಸುತ್ತಿಗೆ ತಳ್ಳುವ ನೀರು ಹೆಚ್ಚು. ಇಂಜಿನ್ನಿನ ಜೋರು ಅದಕ್ಕೆ ಸಾಲದೆ ಸುತ್ತು ಏರುವುದಿಲ್ಲ. ಸುತ್ತು ಏರದಿದ್ದರೆ ಹತ್ತು ಹಾರ್ಸ್‌ಪವರ್ ಎಂಬುದು ಮುಚ್ಚಳದ ಮೇಲಿನ ಬರಹವಷ್ಟೇ. ಇಷ್ಟು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಪಿನ್ನು ಕಿತ್ತು, ನಟ್ಟು ಬಿಚ್ಚಿ, ಚೀಲದಲ್ಲಿ ತಂದಿದ್ದ ಕಡಿಮೆ ಓರೆಯ ಪಂಖಾ ಕೂರಿಸಿದೆ. ನಟ್ಟನ್ನು ಅರ್ಧಕ್ಕೇ ಬಿಗಿದರೆ ವಾರದೊಳಗೆ ಮತ್ತೆ ಫೋನ್ ಬರುತ್ತದೆ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ನಾಚಿಕೆಯಾಯಿತು. ಪೂರ್ತಿ ಬಿಗಿದು ಪಿನ್ನು ಹಾಕಿದೆ.

ಬಸು ಹಗ್ಗ ಜಗ್ಗಿ ಚಾಲೂ ಮಾಡಿದ. ಇಂಜಿನ್ ಗಂಟಲು ಬಿಚ್ಚಿ ಕೂಗಿತು. ಬಳ್ಳಿಯ ದೊಡ್ಡ ಗುಡ್ಡೆಯೊಂದು ದೋಣಿಯ ಹಿಂದೆ ನಿಧಾನವಾಗಿ ತೇಲಿಬಂತು. ಅವನು ನೀರಿನ ನಡುವಿನಿಂದ ಕೈ ಎತ್ತಿದ. ನಾನೂ ಎತ್ತಿದೆ. ಖುಷಿಪಡಬೇಕಾಗಿತ್ತು, ಆಗಲಿಲ್ಲ.

ಊಟಕ್ಕೆ ಬಸು ರೊಟ್ಟಿ, ಶೇಂಗಾ ಚಟ್ನಿ ತಂದಿದ್ದ. ತಿಂದು ಎರಡಕ್ಕೆ ಹೊರಟು ಐದಕ್ಕೆ ಗಬ್ಬೂರು ಸೇರಿದೆ. ಆರು ಹೊಡೆಯಿತು, ಆರೂವರೆಯಾಯಿತು. ಫೋನ್ ಬರಲಿಲ್ಲ. ಕೊನೆಗೆ ನಾನೇ ಮಾಡಿದೆ.

"ಏನರ ಮರತ ಬಂದ್ರೇನ್ರಿ ಮಾಮಾ?"

"ಇಲ್ಲ. ಇಂಜಿನ್ ಹೆಂಗೈತಿ?"

"ಛಲೋ ಐತ್ರಿ. ನೀವ ನೋಡಿದ್ರೆಲ್ಲ."

"ಏನಿಲ್ಲ ಬಸು, ಸುಮ್ಮನ ಮಾಡಿದೆ," ಎಂದೆ.

"ಅಕ್ಕಗ ಸುಮ್ಮ ಸುಮ್ಮನ ಫೋನ್ ಹಚ್ಚತಿದ್ದೆರಿ," ಎಂದ. "ನಿಮಗ ಹೆಂಗ ಹಚ್ಚೂದು ಅಂತ ತಿಳೀದ, ಇಂಜಿನ್ ಇಂಜಿನ್ ಅಂತಿದ್ದೆ."

ನಾನು ಬಸ್ಸಿನ ಅಜ್ಜಿ ಪೇರಲಹಣ್ಣು ಕೊಟ್ಟದ್ದನ್ನು ಹೇಳತೊಡಗಿದೆ. ಇಬ್ಬರೂ ಫೋನ್ ಇಡಲಿಲ್ಲ.