ಕಿಟಕಿ ಬದಿಯ ಹತ್ತನೆಯವಳು

ಕತಾರಿನ ಅಲ್ ವಕ್ರಾದ ಶಾಲಾ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಮಕ್ಕಳ ತಲೆ ಎಣಿಸಿದವಳು ಪೂವಕ್ಕ. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಇಳಿದ ಮೇಲೆ ಸೀಟಿನಡಿ ಬಗ್ಗಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಆ ಶುಕ್ರವಾರ ಕರಾವಳಿ ಸಂಘದ ವಕ್ರಾ ಘಟಕದ ಸಭೆ. ಇಡೀ ಸಂಘದ ಅಧ್ಯಕ್ಷ ಸ್ಥಾನಕ್ಕೆ ಇಲ್ಲಿಂದ ದೊಡ್ಡ ಸಭೆಗೆ ಯಾರ ಹೆಸರು ಕಳಿಸುವುದೆಂದು ತೀರ್ಮಾನವಾಗಬೇಕಿತ್ತು.

"ಅಮೆರಿಕದ ಕೆಲವು ರಾಜ್ಯಗಳಲ್ಲಿ ಪಕ್ಷದವರು ಹೀಗೇ ಮಾಡ್ತಾರಂತೆ, ನಮ್ಮ ಮ್ಯಾನೇಜರ್ ಹೇಳಿದ್ದು," ಎಂದ ಕಾರ್ಯದರ್ಶಿ ಇಮ್ತಿಯಾಝ್. "ಚೀಟಿ ಗೀಟಿ ಮಾಫಿ, ಏನೂ ಬೇಡ. ಫಾಯಿಝ್ ಭಾಯ್ ಕಡೆಯವರು ಬಾಗಿಲ ಬದಿ, ಲೊರ್ನಾ ಸಿಸ್ಟರ್ ಕಡೆಯವರು ಕಿಟಕಿ ಬದಿ. ಯಾವ ಬದಿ ಹತ್ತು ಜನ ನಿಂತರೂ ಆ ಹೆಸರು ದೊಡ್ಡ ಸಭೆಗೆ. ಕಡಿಮೆಯಾದರೆ ಖಲಾಸ್. ಎಣಿಸುವುದು ಪೂವಕ್ಕ. ಯಲ್ಲಾ, ಶುರು ಮಾಡಿ!"

ಪೂವಕ್ಕ ಎರಡೂ ಬದಿ ನೋಡಿದಳು. ತಾನು ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ ಮೂರು ದಿನವೂ ನರ್ಸ್ ಡ್ಯೂಟಿ ಮುಗಿಸಿ ಬಂದು ಅವಳ ತಲೆ ಬಾಚಿದವಳು ಲೊರ್ನಾ. ಆದರೆ ಗಂಡ ತನಿಯನಿಗೆ ಕೆಲಸ ಕೊಡಿಸಿದವನು ಫಾಯಿಝ್. "ನಮ್ಮ ಮನೆಯ ಎರಡು ತಲೆ ನಿಮಗೇ" ಎಂದು ತನಿಯ ಮಾತು ಕೊಟ್ಟೂ ಆಗಿತ್ತು.

ಅವಳು ಎಣಿಸಿದಳು. ಬಾಗಿಲ ಬದಿ ಮೂವತ್ತೊಂದು. ಕಿಟಕಿ ಬದಿ ಒಂಬತ್ತು.

"ಹಾಜರಿಯಲ್ಲಿ ನಲವತ್ತೊಂದುಂಟಲ್ಲ?" ಇಮ್ತಿಯಾಝ್ ತಲೆ ಕೆರೆದುಕೊಂಡ.

ಪೂವಕ್ಕ ಮತ್ತೆ ಎಣಿಸಿದಳು. ಬಾತ್‌ರೂಮಿನ ಬಾಗಿಲು ತಟ್ಟಿದಳು, ಪರದೆ ಸರಿಸಿದಳು, ಕೊನೆಗೆ ಸೋಫಾದಡಿಗೂ ಬಗ್ಗಿದಳು.

ಕಿಟಕಿ ಬದಿ ನಿಂತಿದ್ದ ಫಾಹಿಮಾಗೆ ನಗು ತಡೆಯಲಾಗಲಿಲ್ಲ. "ಪೂವಕ್ಕಾ, ನಿಮ್ಮನ್ನು ಯಾರು ಎಣಿಸಿದ್ದು ಮಾರಾಯ್ರೇ?"

ಇಡೀ ಕೋಣೆ ಗೊಳ್ಳೆಂದಿತು, ಆಮೇಲೆ ಎಲ್ಲರ ಕಣ್ಣೂ ಪೂವಕ್ಕನ ಮೇಲೆ. ಬಾಗಿಲ ಬದಿಯಿಂದ ತನಿಯ ಕಣ್ಣಲ್ಲೇ ಕರೆಯುತ್ತಿದ್ದ.

ಪೂವಕ್ಕ ಸೆರಗು ಸರಿಮಾಡಿಕೊಂಡಳು. "ಫಾಯಿಝ್ ಭಾಯ್, ಬೇಜಾರು ಮಾಡ್ಬೇಡಿ. ನಿಮಗೆ ಬೇಕಾದಷ್ಟು ಜನ ಉಂಟು," ಎಂದವಳೇ ಕಿಟಕಿ ಬದಿಗೆ ನಡೆದಳು.

"ನಾನು ಎರಡು ತಲೆ ಅಂತ ಹೇಳಿದ್ದೆ!" ತನಿಯನ ಮುಖ ಕೆಂಪಾಯಿತು.

"ನಿಮ್ಮದು ನೀವು ಕೊಟ್ಟಾಯ್ತಲ್ಲ. ನನ್ನದನ್ನು ನನ್ನ ಹತ್ರ ಕೇಳ್ಬೇಕಿತ್ತು."

ಎಲ್ಲರಿಗಿಂತ ಜೋರಾಗಿ ನಕ್ಕವನು ಫಾಯಿಝ್. "ಬಿಡು ತನಿಯ, ಮನೆಗೆ ಹೋದ ಮೇಲೆ ಇನ್ನೂ ಕೇಳ್ಲಿಕ್ಕುಂಟು ನಿನಗೆ!"

ಇಮ್ತಿಯಾಝ್ ಎರಡು ಹೆಸರನ್ನೂ ಬರೆದುಕೊಂಡ. ಲೊರ್ನಾ ಪೂವಕ್ಕನ ಕೈ ಒತ್ತಿದಳು.

ಮನೆಗೆ ಹೊರಟ ಕಾರು ಮೆಟ್ರೋ ಸ್ಟೇಷನ್ ದಾಟಿತು. ಸಿಗ್ನಲ್ಲಿನಲ್ಲಿ ನಿಂತಾಗ ತನಿಯ ಹೆಂಡತಿಯ ಕಡೆ ತಿರುಗಿದ.

"ದೊಡ್ಡ ಸಭೆಯಲ್ಲಿ ಸಿಸ್ಟರ್‌ಗೆ ಎಷ್ಟು ಜನ ಬೇಕಂತೆ?"